ಇಳಿಯದೆ ಮೇಲೇರುವ ಧೈರ್ಯ

ಮಂಚಿಕೇರಿ, ಯಲ್ಲಾಪುರಗಳ ಕಡೆಯ ಗೃಹಸ್ಥನು ವಿಮಾನವೇರಬೇಕಾದರೆ ಸಾಮಾನ್ಯವಾಗಿ ಹುಬ್ಬಳ್ಳಿಗೇ ಹೋಗಬೇಕು. ಆದುದರಿಂದ 2015ನೆಯ ಇಸವಿ ಮಾರ್ಚ್ 8ರಂದು ಆ ನಿಲ್ದಾಣದಲ್ಲಿ ನಡೆದ ಅಪಘಾತವು ನಮಗೆ ಪರಸ್ಥಳದ ವರ್ತಮಾನವಲ್ಲ. ಬೆಂಗಳೂರಿನಿಂದ 78 ಮಂದಿ ಪ್ರಯಾಣಿಕರನ್ನು ಹೊತ್ತು ಬಂದ ಸ್ಪೈಸ್‌ಜೆಟ್ ಸಂಸ್ಥೆಯ ಕ್ಯೂ-400 ಎಂಬ ಎರಡು ಪ್ರೊಪೆಲರುಗಳ ಚಿಕ್ಕ ವಿಮಾನವು ಮಳೆಯಲ್ಲಿ ನೆಲ ಮುಟ್ಟಿತು. ಮುಟ್ಟಿದ ಬಳಿಕ ಎಡಕ್ಕೆ ಸರಿದು, ರನ್‌ವೇಯ ಅಂಚಿನ ದೀಪಗಳಿಗೂ ಅವುಗಳ ಸಿಮೆಂಟು ಕಟ್ಟೆಗೂ ಬಡಿದು, ಎಡಬದಿಯ ಚಕ್ರಗಳ ಕಾಲು ಮುರಿದು ಕುಸಿಯಿತು. ದೈವಕೃಪೆಯಿಂದ ಪ್ರಾಣಹಾನಿಯಾಗಲಿಲ್ಲ. ಪ್ರಾಣಹಾನಿಯಾಗದ ಅಪಘಾತವನ್ನು ನಮ್ಮ ಜನರು ಎಂಟು ದಿನಗಳಲ್ಲಿ ಮರೆಯುವರು.

ಇಂಥ ಸಮಯದಲ್ಲಿ ರನ್‌ವೇಯನ್ನು ಉದ್ದ ಮಾಡಿರೆಂಬ ಕೂಗೇ ಮೊದಲು ಏಳುವುದು. ಹುಬ್ಬಳ್ಳಿಯದು ಮುಂದೆ ಉದ್ದವಾಯಿತು, ಹೊಸ ಕಟ್ಟಡವೂ ಎದ್ದಿತು, ಸಂತೋಷ. ಆದರೆ ಅಂದು ವಿಮಾನವು ದಾರಿಯ ಕೊನೆಯನ್ನು ಮೀರಿ ಹೋದುದಲ್ಲ, ಪಕ್ಕಕ್ಕೆ ಹೊರಳಿದುದು. ನೆಲ ಮುಟ್ಟಿದ ಮೇಲೆ ಮಳೆಯಲ್ಲಿ ವೈಮಾನಿಕನಿಗೆ ಹೊರಗಿನ ಗುರುತುಗಳು ಕಾಣದಾದುವೆಂದು ತನಿಖೆಯವರು ಹೇಳಿದರು. ವೇಗವಿರುವವರೆಗೆ ಬಾಲದ ಚುಕ್ಕಾಣಿಗೆ ಗಾಳಿಯ ಆಸರೆಯುಂಟು. ನೆಲದ ಮೇಲೆ ವೇಗ ಕುಂದಿದಂತೆ ಆ ಬಲವೂ ಕುಂದಿ, ದಿಕ್ಕು ಕಾಯುವ ಹೊಣೆ ಚಕ್ರಗಳಿಗೆ ಬೀಳುತ್ತದೆ. ಒದ್ದೆ ನೆಲದಲ್ಲಿ ಆ ಕೆಲವು ಕ್ಷಣ ಕಣ್ಣು ಕಟ್ಟಿದರೆ ನಿಪುಣನೂ ದಾರಿ ತಪ್ಪುವನು.

ಕಾಣದಿದ್ದರೆ, ಇಳಿತವು ಹದ ತಪ್ಪಿದ್ದರೆ, ಇಳಿಯದೆ ಮತ್ತೆ ಏರಿ ಹೋಗುವುದೇ ವಿಹಿತವು. 2010ನೆಯ ಮೇ 22ರಂದು ಮಂಗಳೂರಿನಲ್ಲಿ ಸಹವೈಮಾನಿಕನು ಮೂರು ಸಲ ಹಾಗೆಂದು ಕೂಗಿದರೂ ಮುಖ್ಯ ವೈಮಾನಿಕನು ಇಳಿಯುವ ಹಟ ಬಿಡಲಿಲ್ಲ. ನೆಲದ ಮೇಲೆ ಎಂಜಿನುಗಳ ಹಿಮ್ಮುಖ ಬಲವನ್ನು ಹೂಡಿದ ನಂತರ ಏರಲು ಮಾಡಿದ ಯತ್ನವು ಕಾಲ ಮೀರಿದುದಾಗಿತ್ತು. 158 ಜನರು ಮಡಿದರು.

ಅರಬೈಲ್ ಘಟ್ಟದಲ್ಲಿ ಮಂಜು ಕವಿದಾಗ ಗಾಡಿಯನ್ನು ಬದಿಗೆ ನಿಲ್ಲಿಸಿದ ಚಾಲಕನನ್ನು ಯಾರೂ ಹೇಡಿಯೆನ್ನುವುದಿಲ್ಲ. ವಿಮಾನಕ್ಕೆ ಬದಿಯೆಂಬುದಿಲ್ಲ, ಮೇಲೇರುವುದೇ ಅದರ ನಿಲುಗಡೆ. ಆದರೆ ಹಾಗೆ ಏರಿ ಬೇರೆ ಊರಿಗೆ ಹೋದ ವೈಮಾನಿಕನ ಮೇಲೆ ಪ್ರಯಾಣಿಕರು ರೇಗುವರು, ಸಭೆ ತಪ್ಪಿದ ಅಧಿಕಾರಿಯು ಗೊಣಗುವನು, ಕಂಪನಿಯು ಎಣ್ಣೆಯ ಲೆಕ್ಕ ಕೇಳುವುದು. ಈ ಮೂವರ ಅವಸರವೂ ಅದೃಶ್ಯವಾಗಿ ವೈಮಾನಿಕನ ಪಕ್ಕದಲ್ಲಿ ಕುಳಿತಿರುತ್ತದೆಂದು ನಾವು ಹೇಳದೆ ಇರಲಾರೆವು. ಹಿಂದಿರುಗಿದುದಕ್ಕಾಗಿ ಅವನನ್ನು ಯಾರೂ ಜವಾಬು ಕೇಳಕೂಡದು.

ಅಂಕೋಲೆಯ ಅಲಗೇರಿಯಲ್ಲಿ ನಾಗರಿಕ ವಿಮಾನಗಳಿಗೆ ತಾಣ ಮಾಡಿಕೊಡುವ ಯೋಜನೆಯೊಂದು ನಮ್ಮ ಜಿಲ್ಲೆಯ ಮುಂದೆ ಬಂದಿದೆ. ಕರಾವಳಿಯ ಮಳೆಗಾಲವು ವಾಚಕರಿಗೆ ತಿಳಿದೇ ಇದೆ. ಜನಪ್ರತಿನಿಧಿಗಳು ಕಟ್ಟಡದ ಅಂದವನ್ನು ವಿಚಾರಿಸುವ ಮೊದಲು, ಆಷಾಢದ ಮಳೆಯಲ್ಲಿ ದೀಪಗಳು ಎಷ್ಟು ದೂರಕ್ಕೆ ಕಾಣುವುವು, ಇಳಿಯಲಾರದೆ ಗೋವೆಗೋ ಹುಬ್ಬಳ್ಳಿಗೋ ಹೋದ ವಿಮಾನದ ಪ್ರಯಾಣಿಕರನ್ನು ಊರು ಮುಟ್ಟಿಸಲು ಬಸ್ಸಿನ ಏರ್ಪಾಡೇನು ಎಂಬೆರಡು ಪ್ರಶ್ನೆಗಳಿಗೆ ಲಿಖಿತ ಉತ್ತರವನ್ನು ಪಡೆಯಲಿ.