ಎಣ್ಣೆ ಹೋದರೆ ಯಜಮಾನಿಕೆಯೂ ಹೋದೀತೆ?

ಪೆಟ್ರೋಲಿನ ಕಾಲ ಮುಗಿಯುತ್ತಾ ಬಂತು, ಇನ್ನೇನಿದ್ದರೂ ಬಿಸಿಲು, ಗಾಳಿ, ಬ್ಯಾಟರಿಯ ಕಾಲ ಎಂದು ದೆಹಲಿಯವರೂ ವಿಧಾನಸೌಧದವರೂ ಒಟ್ಟಿಗೆ ಜಾಗಟೆ ಬಾರಿಸುತ್ತಿದ್ದಾರೆ. ಸಂತೋಷ. ಹೊಗೆ ಕಡಿಮೆಯಾಗಲಿ, ಹೊರದೇಶಗಳಿಗೆ ಸುರಿಯುವ ಹಣ ಉಳಿಯಲಿ. ಆದರೆ ಕನ್ನಡದ ತರುಣರು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಎಣ್ಣೆ ಹೋದ ಮಾತ್ರಕ್ಕೆ ನಮ್ಮ ಮೇಲಿನ ಯಜಮಾನಿಕೆಯೂ ಹೋಗುತ್ತದೆಯೇ? ಅಥವಾ ಯಜಮಾನ ಮಾತ್ರ ಬದಲಾಗಿ, ಕನ್ನಡಿಗ ಇದ್ದಲ್ಲೇ ಇರುತ್ತಾನೆಯೇ?

ಎಣ್ಣೆಯ ಯಜಮಾನಿಕೆ ಎಂಥದ್ದೆಂದು ನಮ್ಮ ಹಿರಿಯರು ಅನುಭವಿಸಿದ್ದಾರೆ. 1973ರ ಅಕ್ಟೋಬರಿನಲ್ಲಿ ಇಸ್ರೇಲ್ ಯುದ್ಧದ ನಡುವೆ ಅರಬ್ ದೇಶಗಳು ಅಮೆರಿಕದ ಕಡೆಯವರಿಗೆ ಎಣ್ಣೆ ನಿಲ್ಲಿಸಿದವು. ಕೆಲವೇ ತಿಂಗಳಲ್ಲಿ ಪೀಪಾಯಿಗೆ 3 ಡಾಲರ್ ಇದ್ದದ್ದು 12 ಡಾಲರಿನ ಹತ್ತಿರ ಹೋಯಿತು. ಜಗಳ ಅವರದು, ಬರೆ ನಮಗೆ! 1990ರ ಆಗಸ್ಟ್‌ನಲ್ಲಿ ಸದ್ದಾಂ ಹುಸೇನ್ ಕುವೈತಿಗೆ ನುಗ್ಗಿದ. ಸುಮಾರು 1 ಲಕ್ಷ 70 ಸಾವಿರ ಭಾರತೀಯರನ್ನು ವಿಮಾನದಲ್ಲಿ ಕರೆತರಬೇಕಾಯಿತು. ಅವರಲ್ಲಿ ನಮ್ಮ ಕರಾವಳಿಯವರೂ ಇದ್ದರು. ಮರುವರ್ಷ ದೇಶ ಚಿನ್ನ ಅಡವಿಟ್ಟಿತು. ಏರಿದ ಎಣ್ಣೆ ಬೆಲೆಯೂ ಅದಕ್ಕೊಂದು ಕಾರಣ. ಇವತ್ತಿಗೂ ನಾವು ಸುಡುವ 100 ಲೀಟರ್ ಕಚ್ಚಾ ಎಣ್ಣೆಯಲ್ಲಿ 85 ಲೀಟರಿಗೂ ಹೆಚ್ಚು ಹೊರಗಿನದೇ.

ಆ ಎಣ್ಣೆ ಬರುವ ದಾರಿಯೇ ನಮ್ಮ ಹಾಸನ ಜಿಲ್ಲೆ. ನವಮಂಗಳೂರು ಬಂದರಿಗೆ ಹಡಗು, ಎಂ.ಆರ್.ಪಿ.ಎಲ್.ನಲ್ಲಿ ಶುದ್ಧೀಕರಣ, ಅಲ್ಲಿಂದ ಘಟ್ಟ ಹತ್ತಿ ಹಾಸನದ ಮೂಲಕ ಬೆಂಗಳೂರಿನ ದೇವನಗೊಂದಿಯವರೆಗೆ ಸುಮಾರು 360 ಕಿ.ಮೀ. ಉದ್ದದ ಕೊಳವೆ. 2003ರಿಂದ ಅದು ನಮ್ಮ ನೆಲದಡಿಯಲ್ಲಿ ಹರಿಯುತ್ತಿದೆ. ಮಂಗಳೂರು ಮತ್ತು ಪಾದೂರಿನಲ್ಲಿ ಬಂಡೆ ಕೊರೆದು ಒಟ್ಟು 40 ಲಕ್ಷ ಟನ್ ಕಚ್ಚಾ ಎಣ್ಣೆ ಹಿಡಿಸುವ ಗುಹೆ ಮಾಡಿದ್ದಾರೆ. ದೇಶದ ಆಪತ್ಕಾಲದ ಎಣ್ಣೆಯನ್ನು ಕಾಯುವ ಕೆಲಸ ಕನ್ನಡದ ಬಂಡೆಗೆ! ಆದರೆ ಕನ್ನಡದ ಹುಡುಗನಿಗೆ? 2021ರಲ್ಲಿ ಎಂ.ಆರ್.ಪಿ.ಎಲ್. ನೇಮಕಾತಿಯಲ್ಲಿ ಸ್ಥಳೀಯರನ್ನು ಕಡೆಗಣಿಸಲಾಗಿದೆ ಎಂದು ಇಡೀ ಕರಾವಳಿಯೇ ಕೂಗಬೇಕಾಯಿತು. ನೆಲ ನಮ್ಮದು, ಗುಹೆ ನಮ್ಮದು, ನೌಕರಿ ಪಟ್ಟಿ ಮಾತ್ರ ಇನ್ನೆಲ್ಲಿಂದಲೋ ಬರುತ್ತದೆ.

ಇದು ಹಳೆಯ ಯಜಮಾನನ ಕಥೆ. ಈಗ ಹೊಸಬನನ್ನು ನೋಡಿ.

ಬಿಸಿಲು ಯಾರಪ್ಪನ ಆಸ್ತಿಯೂ ಅಲ್ಲ, ನಿಜ. ಆದರೆ ಬಿಸಿಲನ್ನು ಕರೆಂಟು ಮಾಡುವ ಫಲಕ? ಅದರ ತಯಾರಿಕೆಯ ಎಲ್ಲ ಹಂತಗಳಲ್ಲೂ 80 ಪರ್ಸೆಂಟಿಗಿಂತ ಹೆಚ್ಚು ಪಾಲು ಚೀನಾದ ಕೈಯಲ್ಲಿದೆ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2022ರಲ್ಲೇ ಹೇಳಿತು. ಬ್ಯಾಟರಿಗೆ ಬೇಕಾದ ಕೋಬಾಲ್ಟ್ ಹೆಚ್ಚಾಗಿ ಸಿಗುವುದು ಆಫ್ರಿಕಾದ ಕಾಂಗೋದಲ್ಲಿ, ಲಿಥಿಯಂ ಆಸ್ಟ್ರೇಲಿಯಾ, ಚಿಲಿಗಳಲ್ಲಿ. ಎಲ್ಲೇ ಅಗೆದರೂ ಅದರ ಬಹುಪಾಲು ಶುದ್ಧವಾಗುವುದು ಮತ್ತೆ ಚೀನಾದಲ್ಲೇ. 2010ರಲ್ಲಿ ಜಪಾನಿನ ಜೊತೆ ಜಗಳವಾದಾಗ ಚೀನಾ ಅಪರೂಪದ ಖನಿಜಗಳ ಸಾಗಣೆಗೆ ಅಡ್ಡಗಾಲು ಹಾಕಿತು. 2025ರ ಏಪ್ರಿಲ್‌ನಲ್ಲಿ ಅಯಸ್ಕಾಂತಗಳ ರಫ್ತಿಗೆ ಕಡಿವಾಣ ಹಾಕಿದಾಗ ನಮ್ಮ ಎಲೆಕ್ಟ್ರಿಕ್ ಗಾಡಿ ತಯಾರಕರೂ ಬೆವರಿದರು. ಎಣ್ಣೆಗೆ ಗಲ್ಫಿನ ಮುಂದೆ ನಿಂತಿದ್ದವರು ಬ್ಯಾಟರಿಗೆ ಬೀಜಿಂಗಿನ ಮುಂದೆ ನಿಂತರೆ ಅದು ಬಿಡುಗಡೆಯೇ? ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ!

ಗಲ್ಫಿನವರೇ ಎಚ್ಚೆತ್ತಿದ್ದಾರೆ. ಎಣ್ಣೆ ಬಾವಿಯ ಮೇಲೆ ಕುಳಿತ ಅಬುಧಾಬಿ 2006ರಲ್ಲೇ ಮಸ್ದಾರ್ ಎಂಬ ಹೊಸ ಇಂಧನ ಕಂಪನಿ ಕಟ್ಟಿತು. ಸೌದಿಯವರು 2016ರಲ್ಲಿ ಎಣ್ಣೆಯಾಚೆಗಿನ ಬದುಕಿಗೆ ಯೋಜನೆ ಬರೆದರು. ಭಟ್ಕಳ, ಉಡುಪಿ, ಮಂಗಳೂರಿನ ಎಷ್ಟೋ ಮನೆಗಳ ಒಲೆ ಗಲ್ಫಿನ ಹಣದಿಂದ ಉರಿಯುತ್ತಿದೆ. ಆ ಎಣ್ಣೆ ಆರ್ಥಿಕತೆ ಕುಗ್ಗಿದ ದಿನ ಆ ಹುಡುಗರು ವಾಪಸು ಬಂದರೆ ಅವರಿಗೆ ಕೊಡಲು ನಮ್ಮಲ್ಲಿ ಏನಿದೆ? ಇಂಥ ಪ್ರಶ್ನೆ ಯಾವ ಮಂತ್ರಿಯ ಬಾಯಲ್ಲೂ ಬರುವುದಿಲ್ಲ.

ಆದರೆ ಹಿಂದಿಗೂ ಇಂದಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಎಣ್ಣೆ ನಮ್ಮ ನೆಲದಲ್ಲಿ ಇರಲಿಲ್ಲ. ಬಿಸಿಲಿದೆ, ಗಾಳಿಯಿದೆ. ಹಾಗಾಗಿ ಈ ಸಲ ಷರತ್ತು ಹಾಕುವ ಹಕ್ಕು ನಮಗಿದೆ.

ಪಾವಗಡ ನೋಡಿ. ಆಂಧ್ರದ ಗಡಿಗೆ ಅಂಟಿಕೊಂಡ ಬರದ ಸೀಮೆ. ತಿರುಮಣಿ ಸುತ್ತಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದಿದೆ. ಇಲ್ಲಿ ಒಂದು ಒಳ್ಳೆಯ ಕೆಲಸವಾಯಿತು: ರೈತನ ಜಮೀನು ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ನಿಗದಿಯಾಯಿತು. ಪಹಣಿ ರೈತನ ಹೆಸರಲ್ಲೇ ಉಳಿಯಿತು. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವರಿಗೆ ಗುತ್ತಿಗೆಯೂ ಇಲ್ಲ, ಕೂಲಿಯೂ ಇಲ್ಲ. ಫಲಕ ಒರೆಸುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸಕ್ಕಿಂತ ಮೇಲಿನದು ಊರಿನವರಿಗೆ ಎಷ್ಟು ಸಿಕ್ಕಿತು?

ಮಂಡ್ಯ ನೋಡಿ. ಮರಳಗಾಲ–ಅಲ್ಲಾಪಟ್ಟಣದಲ್ಲಿ ಸುಮಾರು 1,600 ಟನ್ ಲಿಥಿಯಂ ಇರುವ ಅಂದಾಜಿದೆ ಎಂದು ಕೇಂದ್ರ ಸರ್ಕಾರ 2021ರಲ್ಲಿ ಸಂಸತ್ತಿಗೆ ತಿಳಿಸಿತು. ಪ್ರಮಾಣ ಸಣ್ಣದು, ಬೀಗಬೇಕಾಗಿಲ್ಲ. ಆದರೆ 2023ರಲ್ಲಿ ಗಣಿ ಕಾಯ್ದೆ ತಿದ್ದಿ, ಲಿಥಿಯಂ ಸೇರಿ 24 ಖನಿಜಗಳ ಹರಾಜಿನ ಅಧಿಕಾರವನ್ನು ದೆಹಲಿ ತನ್ನ ಕೈಗೆ ತೆಗೆದುಕೊಂಡಿತು. ಹಣ ರಾಜ್ಯಕ್ಕೆ ಬರುತ್ತದಂತೆ, ಸರಿ. ಯಾರಿಗೆ ಕೊಡಬೇಕು, ಯಾವಾಗ ಕೊಡಬೇಕು ಎನ್ನುವ ಮಾತು ಮಾತ್ರ ನಮ್ಮದಲ್ಲ!

ಇನ್ನು ನಮ್ಮ ಹೊಂಗೆ. ಬೇಲಿಯಲ್ಲಿ ಬೆಳೆದು ಸೊಪ್ಪು ಗದ್ದೆಗೆ, ಹಿಂಡಿ ತೋಟಕ್ಕೆ, ಎಣ್ಣೆ ದೀಪಕ್ಕೆ ಕೊಟ್ಟ ಮರ. ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಜೈವಿಕ ಇಂಧನ ಪಾರ್ಕ್ ಮಾಡಿ ಹೊಂಗೆ, ಹಿಪ್ಪೆ, ಬೇವಿನ ಬೀಜದಿಂದ ಡೀಸೆಲ್ ತೆಗೆಯುವುದನ್ನು ರೈತರಿಗೆ ತೋರಿಸಿಕೊಟ್ಟಿತು. 2009ರಲ್ಲಿ ರಾಜ್ಯ ಜೈವಿಕ ಇಂಧನ ನೀತಿಯನ್ನೂ ತಂದಿತು. ಹೊಂಗೆಯೊಂದರಿಂದಲೇ ದೇಶದ ಲಾರಿಗಳೆಲ್ಲ ಓಡುತ್ತವೆ ಎಂದು ನಾನು ಹೇಳುವುದಿಲ್ಲ. ಆದರೆ ಊರಿನ ಪಂಪ್‌ಸೆಟ್ಟು, ಟ್ರ್ಯಾಕ್ಟರಿಗಾದರೂ ಊರಿನ ಎಣ್ಣೆ ಬೆರೆತರೆ ಅಷ್ಟರಮಟ್ಟಿಗೆ ಯಾವ ಶೇಖನ, ಯಾವ ಚೀನಿಯವನ ಹಂಗೂ ಇಲ್ಲ.

ಆದ್ದರಿಂದ ನಮ್ಮ ಹಕ್ಕೊತ್ತಾಯ ಇಷ್ಟು:

1. ಸೋಲಾರ್, ಗಾಳಿಯಂತ್ರಕ್ಕೆ ಜಮೀನು ಪಡೆಯುವ ಪ್ರತಿ ಒಪ್ಪಂದ ಕನ್ನಡದಲ್ಲಿರಲಿ, ಗ್ರಾಮಸಭೆಯಲ್ಲಿ ಓದಿ ಹೇಳಲಿ. ಭೂಮಿಯಿಲ್ಲದವರಿಗೂ ಪಾಲಿರಲಿ.

2. ಈ ಕಂಪನಿಗಳ ನೌಕರಿ ಮೊದಲು ಕನ್ನಡಿಗರಿಗೆ. 1986ರ ಸರೋಜಿನಿ ಮಹಿಷಿ ವರದಿ ಧೂಳು ತಿನ್ನುತ್ತಿದೆ. 2024ರ ಜುಲೈನಲ್ಲಿ ಸ್ಥಳೀಯರ ಮೀಸಲಾತಿ ಮಸೂದೆಗೆ ಒಪ್ಪಿಗೆ ಕೊಟ್ಟ ಸಂಪುಟ, ಉದ್ಯಮಿಗಳು ಗದರಿದ ಕೂಡಲೇ ಅದನ್ನು ತಡೆಹಿಡಿಯಿತು. ಹೊಸ ಉದ್ಯಮದಲ್ಲೂ ಅದೇ ಹಳೆಯ ನಾಟಕ ಬೇಡ.

3. ನಮ್ಮ ಐ.ಟಿ.ಐ.ಗಳಲ್ಲಿ ಸೋಲಾರ್, ಬ್ಯಾಟರಿ ರಿಪೇರಿಯನ್ನು ಕನ್ನಡದಲ್ಲಿ ಕಲಿಸಲಿ. ಬ್ಯಾಟರಿ ಪೆಟ್ಟಿಗೆಯ ಮೇಲಿನ ಎಚ್ಚರಿಕೆ, ಗಾಡಿಯ ಕೈಪಿಡಿ ಕನ್ನಡದಲ್ಲಿ ಅಚ್ಚಾಗಲಿ. ಮುದ್ರಣಾಲಯ ನಡೆಸುವವನಾಗಿ ಹೇಳುತ್ತೇನೆ, ಅದು ಕಷ್ಟದ ಕೆಲಸವಲ್ಲ. ಮನಸ್ಸಿಲ್ಲ, ಅಷ್ಟೆ.

4. ನಮ್ಮ ಖನಿಜ ಅಗೆದರೆ ಶುದ್ಧೀಕರಣವೂ ಕಾರ್ಖಾನೆಯೂ ಇಲ್ಲೇ ಆಗಲಿ. ಬಳ್ಳಾರಿಯ ಮಣ್ಣು ಹಡಗು ಹತ್ತಿ ಚೀನಾಕ್ಕೆ ಹೋದದ್ದು ಒಂದೇ ಸಲಕ್ಕೆ ಸಾಕು!

ಬೆಂಗಳೂರು, ಮೈಸೂರಿನ ರಸ್ತೆಗಳಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಓಡಿಸುವ ತಮ್ಮಂದಿರೇ, ತಂಗಿಯರೇ, ಗಾಡಿಗೆ ಹೊಗೆಯಿಲ್ಲ ಎಂದು ಹೆಮ್ಮೆ ಪಡಿ, ತಪ್ಪಿಲ್ಲ. ಆದರೆ ಆ ಕರೆಂಟು ಯಾವ ಊರಿನ ಹೊಲದಿಂದ ಬಂತು, ಆ ಬ್ಯಾಟರಿ ಯಾವ ದೇಶದಿಂದ ಬಂತು, ಅದನ್ನು ಮಾಡುವ ಕಾರ್ಖಾನೆಯಲ್ಲಿ ಕನ್ನಡದ ಸದ್ದಿದೆಯೇ ಎಂದೂ ಕೇಳಿ. ಎಣ್ಣೆಯ ಕಾಲದಲ್ಲಿ ಕೇಳುವುದಕ್ಕೆ ತಡಮಾಡಿದೆವು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ ಇನ್ನೊಮ್ಮೆ ಬೇಡ. ಬಾಗಿಲು ಇನ್ನೂ ನಮ್ಮ ಕೈಯಲ್ಲಿದೆ. ಎದ್ದೇಳಿ!