ನುಡಿ ಕಲಿಯುವುದೇ ಮೊದಲ ಸೇವೆ

ಜಪಾನಿನ ದಾಳಿಗೆ ತುತ್ತಾಗಿದ್ದ ಚೀನಕ್ಕೆ 1938ರಲ್ಲಿ ಭಾರತದಿಂದ ಐವರು ವೈದ್ಯರು ತೆರಳಿದರು. ಅವರಲ್ಲೊಬ್ಬರು ಸೊಲ್ಲಾಪುರದ ದ್ವಾರಕಾನಾಥ ಕೋಟ್ಣೀಸ್. ಕನ್ನಡ, ಮರಾಠಿಗಳೆರಡೂ ಕಿವಿಗೆ ಬೀಳುವ ಊರಿನ ಅವರು ಚೀನೀ ಭಾಷೆಯನ್ನು ಕಲಿತು, ಅದರಲ್ಲೇ ಶಸ್ತ್ರಚಿಕಿತ್ಸೆಯ ಪಾಠ ಹೇಳಿದರು. 1942ರ ಡಿಸೆಂಬರಿನಲ್ಲಿ, 32ರ ಪ್ರಾಯದಲ್ಲಿ, ಅಲ್ಲಿಯೇ ತೀರಿಕೊಂಡರು.

ಕೌಶಲವೊಂದೇ ಸೇವೆಯಾಗದು, ನೋವೆಲ್ಲಿದೆಯೆಂದು ರೋಗಿಯ ನುಡಿಯಲ್ಲಿ ಕೇಳಬಲ್ಲವರದೇ ಪೂರ್ಣ ಸೇವೆ. ಡೆಂಕಣಿಕೋಟೆಯ ಕಡೆಯಿಂದ ಹೊಸೂರಿನ ಆಸ್ಪತ್ರೆಗೆ ಕನ್ನಡವಷ್ಟೇ ಬಲ್ಲ ಮುದುಕಿಯೊಬ್ಬರು ಬಂದರೆ, ಔಷಧಕ್ಕೂ ಮೊದಲು ಅವರಿಗೆ ಬೇಕಾದುದು ಮಾತು ತಿಳಿದವರು. ಹೊರದೇಶಕ್ಕೆ ಹೊರಟ ನರ್ಸು, ಇಂಜಿನಿಯರುಗಳಿಗೂ ಇದೇ ಮೊದಲ ಪಾಠವಾಗಬೇಕು. ಐಚ್ಛಿಕ ಕನ್ನಡ ಓದಿ ಆಗುವುದೇನು ಎಂದು ಕೇಳುವ ವಿದ್ಯಾರ್ಥಿಗಳೇ, ವಾರಕ್ಕೊಂದು ಬೆಳಗ್ಗೆ ಆಸ್ಪತ್ರೆಯ ಚೀಟಿ ಕೊಡುವ ಸಾಲಿನ ಬಳಿ ನಿಲ್ಲಿರಿ. ನಿಮ್ಮ ಕೆಲಸ ಅಲ್ಲಿ ಕಾದಿದೆ.