ಕರಾವಳಿಯ ಹೆದ್ದಾರಿಯೂ ಕಡಿದ ಗುಡ್ಡಗಳೂ

ಪನವೇಲಿನಿಂದ ಕನ್ಯಾಕುಮಾರಿಯವರೆಗೆ ಪಡುಗಡಲ ಅಂಚಿನಲ್ಲಿ ಸುಮಾರು 1,600 ಕಿ.ಮೀ. ಸಾಗುವ ಹೆದ್ದಾರಿಗೆ ಈಗ 66ನೆಯ ಸಂಖ್ಯೆ. ನಮ್ಮ ವಾಚಕರಲ್ಲಿ ಅನೇಕರಿಗೆ ‘ಹದಿನೇಳು’ ಎಂದರೇ ಗುರುತು ಹತ್ತೀತು. ಕಾರವಾರದಿಂದ ತಲಪಾಡಿಯವರೆಗಿನ ಅದರ ಭಾಗವು ಕನ್ನಡಿಗರ ಒಡೆದ ಬಾಳಿನ ಕಥೆಯನ್ನೂ ಹೇಳುವುದು.

1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದರು. ಘಟ್ಟದ ಮೇಲಿನ ಹತ್ತಿಯು ಕಾರವಾರದ ಬಂದರಿಗೆ ಇಳಿದು ಬರಬೇಕೆಂಬುದೇ ಆಗ ಆಳುವವರ ಹಂಬಲ. ಕುಮಟೆಯವನು ಕುಂದಾಪುರದವನನ್ನು ಕಾಣಬೇಕೆಂಬುದು ಯಾವ ದಫ್ತರಿಗೆ ಬೇಕಾಗಿದ್ದಿತು? ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ—ಈ ಹೊಳೆಗಳಿಗೆ ಬಹುಕಾಲ ತಾರಿಯ ದೋಣಿಯೇ ಗತಿಯಾಗಿದ್ದಿತು. 1956ರಲ್ಲಿ ಎರಡೂ ಜಿಲ್ಲೆಗಳು ಒಂದೇ ರಾಜ್ಯದಲ್ಲಿ ಕೂಡಿದುವು. ರಾಷ್ಟ್ರೀಯ ಹೆದ್ದಾರಿಗಳ ಕಾಯಿದೆಯೂ ಅದೇ ವರ್ಷದ್ದು. (ತಲಪಾಡಿಯನ್ನು ದಾಟಿದ ರಸ್ತೆಯು ಕಾಸರಗೋಡಿಗೆ ಹೋಗುವುದೆಂಬುದನ್ನು ನಾವು ಮರೆತಿಲ್ಲ.) ಹೊಳೆಗಳಿಗೆ ಸೇತುವೆಗಳಾದುವು, ತಾರಿಗಳು ನಿಂತುವು. ಇದು ನಾವು ಸಂತೋಷಪಟ್ಟ ಕಾರ್ಯವೇ ಸರಿ.

ಆದರೆ ಆ ರಸ್ತೆಯನ್ನು ನಾಲ್ಕು ಪಥಗಳಿಗೆ ಅಗಲಿಸಿದ ಬಗೆಯನ್ನು ನಾವು ಒಪ್ಪಲಾರೆವು. ಒಂದು ಕಡೆ ಹೊಳೆ ಅಥವಾ ಕಡಲು, ಇನ್ನೊಂದು ಕಡೆ ಗುಡ್ಡ. ನಡುವೆ ಇರುವ ನೆಲ ಕಿರಿದು. ಗುಡ್ಡದ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದರೆ, ಆಷಾಢದ ಮಳೆಯನ್ನು ಕುಡಿದ ಮಣ್ಣು ನಿಲ್ಲುವುದಾದರೂ ಹೇಗೆ? ಇದನ್ನು ತಿಳಿಯಲು ಶಿಲ್ಪಶಾಸ್ತ್ರದ ಪದವಿ ಬೇಕಿಲ್ಲ, ತೋಟದ ಧರೆ ಕಡಿದು ಕೈಸುಟ್ಟುಕೊಂಡ ರೈತನೂ ಬಲ್ಲನು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಯವರೆಗೂ ಹೋಯಿತು. ದಾರಿಬದಿಯ ಚಹದಂಗಡಿಯವರೂ, ಅಲ್ಲಿ ವಾಹನ ನಿಲ್ಲಿಸಿದ್ದವರೂ ಪ್ರಾಣ ತೆತ್ತರು. ಹೊಳೆಯಲ್ಲಿ ಮುಳುಗಿದ್ದ ಒಂದು ಲಾರಿಯೂ ಅದರ ಚಾಲಕನ ದೇಹವೂ ದೊರೆತದ್ದು ಸೆಪ್ಟೆಂಬರಿನಲ್ಲಿ. ಈ ದುಃಖ ಆರುವ ಮೊದಲೇ, ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆಯು ಮುರಿದು ಬಿದ್ದಿತು. ಲಾರಿಯೊಂದು ನೀರಿಗುರುಳಿತು, ಚಾಲಕನು ಬದುಕಿದನು. ಅದರ ವಯಸ್ಸು ಸುಮಾರು 40 ವರ್ಷ ಮಾತ್ರ.

ಮಳೆ ಹೆಚ್ಚಾಯಿತೆಂಬ ಸಮಾಧಾನ ನಮಗೆ ಸಾಲದು. ಕರಾವಳಿಗೆ ಮಳೆಯು ಹೊಸ ನೆಂಟನೇ? ನ್ಯಾಯಾಲಯದ ಭಾಷೆಯಲ್ಲಿ ಹೇಳುವುದಾದರೆ, ಮುಂಗಾಣಬಹುದಾದ ಕೇಡನ್ನು ದೈವದ ತಲೆಗೆ ಕಟ್ಟಲು ಬಾರದು. ಸುಂಕವು ಸೇವೆಯ ಪ್ರತಿಫಲ. ಸುಂಕ ಪಡೆದವನಿಗೆ ಕಾಪಾಡುವ ಹೊಣೆಯೂ ಉಂಟು. ಜನರು ಬಿಡದೆ ಕೇಳಿದರೆ ಸರಕಾರವು ಕಿವಿಗೊಡುವುದೆಂಬುದಕ್ಕೆ ಸುರತ್ಕಲ್ಲಿನ ಸಾಕ್ಷ್ಯವಿದೆ. ಅಲ್ಲಿಯ ಸುಂಕದ ಕಟ್ಟೆಯ ವಸೂಲಿಯು ದೀರ್ಘ ಚಳವಳಿಯ ತರುವಾಯ 2022ರ ಡಿಸೆಂಬರ್ 1ರಿಂದ ನಿಂತಿತು. ಈಗ ಕೇಳಬೇಕಾದುದು ಇಷ್ಟೇ: ಪ್ರತಿ ವರ್ಷ ಮೇ ತಿಂಗಳೊಳಗೆ ಕಡಿದ ಗುಡ್ಡಗಳನ್ನೂ ಹಳೆಯ ಸೇತುವೆಗಳನ್ನೂ ಬಲ್ಲವರಿಂದ ಪರೀಕ್ಷೆ ಮಾಡಿಸಿ, ಅದರ ವರದಿಯನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ಒಂದೊಂದು ಸುಂಕದ ಕಟ್ಟೆಯಲ್ಲಿಯೂ ತೂಗಹಾಕಲಿ.